ರಾಸಾಯನಿಕ ಸೂತ್ರವನ್ನು ಓದುವ ಬಗೆ

ರಸಾಯನಶಾಸ್ತ್ರವನ್ನು ಹೊಸದಾಗಿ ಕಲಿಯುವವರು ಸಂಕೇತಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ಮೊದಲು ಅವುಗಳನ್ನು ಬರೆಯುವ ನಿಯಮವನ್ನು ಅರ್ಥಮಾಡಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಸ್ವೀಡನ್ನಿನ ರಸಾಯನವಿಜ್ಞಾನಿ ಬರ್ಜೀಲಿಯಸ್ 1813ರ ಸುಮಾರಿಗೆ ರೂಪಿಸಿದ ಪದ್ಧತಿಯೇ ಇಂದಿನ 118 ಧಾತುಗಳ ಸಂಕೇತಗಳಿಗೂ ಆಧಾರವಾಗಿದೆ. ಸಂಕೇತದ ಮೊದಲ ಅಕ್ಷರ ಸದಾ ದೊಡ್ಡದು. ಎರಡನೆಯದಿದ್ದರೆ ಅದು ಸಣ್ಣದು. ಇದು ಅಂದಕ್ಕಾಗಿ ಮಾಡಿದ ಕಟ್ಟಳೆಯಲ್ಲ. ದೊಡ್ಡ ‘ಸಿ’ಯ ಪಕ್ಕದಲ್ಲಿ ಸಣ್ಣ ‘ಒ’ ಬಂದರೆ ಅದು ಕೋಬಾಲ್ಟ್ ಎಂಬ ಲೋಹ; ಅದೇ ‘ಒ’ ದೊಡ್ಡದಾದರೆ, ಇಂಗಾಲದ ಒಂದು ಪರಮಾಣುವಿನೊಂದಿಗೆ ಆಮ್ಲಜನಕದ ಒಂದು ಪರಮಾಣು ಸೇರಿ ಆದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ.

ಇನ್ನು ಅಂಕಿಗಳ ವಿಚಾರ. ಸಂಕೇತದ ಬಲಗಡೆ ಕೆಳಗೆ ಬರೆದ ಅಂಕಿ ಅದರ ಹಿಂದಿನ ಧಾತುವಿಗೆ ಮಾತ್ರ ಅನ್ವಯಿಸುತ್ತದೆ. ಆದ್ದರಿಂದ ನೀರಿನ ಸೂತ್ರವಾದ ‘ಎಚ್₂ಒ’ದಲ್ಲಿ ಜಲಜನಕದ ಪರಮಾಣುಗಳು ಎರಡು, ಆಮ್ಲಜನಕದ್ದು ಒಂದು. ಸೂತ್ರದ ಎಡಗಡೆ ದೊಡ್ಡದಾಗಿ ಬರೆದ ಅಂಕಿಯಾದರೋ ಇಡೀ ಅಣುಗಳ ಲೆಕ್ಕವನ್ನು ಹೇಳುತ್ತದೆ: ‘2ಎಚ್₂ಒ’ ಎಂದರೆ ನೀರಿನ ಎರಡು ಅಣುಗಳು, ಅಂದರೆ ಜಲಜನಕದ ನಾಲ್ಕು ಪರಮಾಣುಗಳು ಮತ್ತು ಆಮ್ಲಜನಕದ ಎರಡು. ರಾಸಾಯನಿಕ ಕ್ರಿಯೆಯನ್ನು ತೋರಿಸುವ ಸಮೀಕರಣವನ್ನು ಸರಿದೂಗಿಸುವಾಗ, ಅಂದರೆ ಅದರ ಎರಡೂ ಬದಿಗಳ ಪರಮಾಣುಗಳ ಲೆಕ್ಕವನ್ನು ಸಮಮಾಡುವಾಗ, ಸೂತ್ರದ ಎಡಗಡೆಯ ಅಂಕಿಯನ್ನು ಬದಲಿಸಬಹುದೇ ಹೊರತು ಕೆಳಗಿನದನ್ನು ಮುಟ್ಟಬಾರದು, ಏಕೆಂದರೆ ಆಮ್ಲಜನಕದ ಕೆಳಗೂ 2 ಸೇರಿಸಿದರೆ ಅದು ನೀರಾಗಿ ಉಳಿಯದೆ ಹೈಡ್ರೋಜನ್ ಪೆರಾಕ್ಸೈಡ್ ಎಂಬ ಬೇರೆಯೇ ವಸ್ತುವಾಗುತ್ತದೆ.