ಪಾಂಡಿಚೇರಿಯಲ್ಲಿ ಮರಳು ಹುಡುಕಿದ ಎರಡು ದಿನ

ಪಾಂಡಿಚೇರಿಗೆ ಹೋಗಲು ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾರಣ. ಹೆಂಡತಿಗೆ ಹಳದಿ ಗೋಡೆಯ ಮುಂದೆ ಫೋಟೊ. ಮಗಳಿಗೆ ಕ್ರೊಸಾಂ. ನನಗೆ ಮರಳು. ನಗಬೇಡಿ. ನಾನು ಮಂಗಳೂರಿನ ಹತ್ತಿರದ ಸೋಮೇಶ್ವರ ಉಚ್ಚಿಲದ ಕಡಲ ಬದಿಯಲ್ಲಿ ಹುಟ್ಟಿದವನು. ಚಿಕ್ಕವನಿದ್ದಾಗ ನಮ್ಮ ಮನೆಗೂ ಕಡಲಿಗೂ ನಡುವೆ ತೆಂಗಿನ ನಾಲ್ಕು ಸಾಲು ಇತ್ತು. ಈಗ ಉಳಿದಿರುವುದು ಒಂದೇ ಸಾಲು, ಅದರಾಚೆ ಲಾರಿಯಲ್ಲಿ ತಂದು ಸುರಿದ ಕಲ್ಲು. ಹಾಗಿರುವಾಗ ಪಾಂಡಿಚೇರಿಯಲ್ಲಿ ಹೋದ ಮರಳು ವಾಪಸ್ ಬಂದಿದೆಯಂತೆ ಅಂತ ಯಾರೋ ಹೇಳಿದರೆ ನೋಡದೆ ಇರಲಾಗುತ್ತದಾ?

ಬೆಂಗಳೂರಿಂದ ಬೆಳಗಿನ ಜಾವ ಹೊರಟೆವು. ಕೃಷ್ಣಗಿರಿ, ತಿರುವಣ್ಣಾಮಲೈ, ಜಿಂಜಿ ಕೋಟೆ, ತಿಂಡಿವನಂ. ಮುನ್ನೂರು ಕಿಲೋಮೀಟರ್ ಚಿಲ್ಲರೆ. ದಾರಿಯ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ, ಜಿಂಜಿಯ ಬಂಡೆಗುಡ್ಡಗಳು ಚೆನ್ನಾಗಿವೆ, ಇಡ್ಲಿ ಇನ್ನೂ ಚೆನ್ನಾಗಿತ್ತು.

ಸಂಜೆ ಆರಕ್ಕೆ ಗೂಬರ್ ಅವೆನ್ಯೂಗೆ ವಾಹನ ಬಿಡುವುದನ್ನು ನಿಲ್ಲಿಸುತ್ತಾರೆ. ಆಮೇಲೆ ಅದು ಊರಿಗೆಲ್ಲ ಅಂಗಳ. ಸುಂಡಲ್ ಮಾರುವವರು, ಗುಳ್ಳೆ ಊದುವ ಮಕ್ಕಳು, ವಾಕಿಂಗ್ ಬಂದ ಅಜ್ಜಂದಿರು, ಗ್ರಾನೈಟ್ ಕಂಬಗಳ ನಡುವೆ ಗಾಂಧಿ. ಜನ ಇದನ್ನು ಬೀಚ್ ರೋಡ್ ಅಂತಲೇ ಕರೆಯುವುದು. ತಮಾಷೆ ಏನಂದರೆ ಎಷ್ಟೋ ವರ್ಷ ಇಲ್ಲಿ ಬೀಚೇ ಇರಲಿಲ್ಲ. ಪಾದಚಾರಿ ದಾರಿಯ ಕೆಳಗೆ ಬರೀ ಕರಿಬಂಡೆ, ಬಂಡೆಗೆ ಬಡಿಯುವ ನೀರು, ಅಷ್ಟೇ.

ಕಾರಣ ಊರಿನ ದಕ್ಷಿಣಕ್ಕಿದೆ. 1980ರ ದಶಕದ ಕೊನೆಯಲ್ಲಿ ಅರಿಯಾಂಕುಪ್ಪಂ ನದಿಯ ಅಳಿವೆಯಲ್ಲಿ ಬಂದರಿಗಾಗಿ ಎರಡು ಬ್ರೇಕ್ ವಾಟರ್, ಅಂದರೆ ಕಡಲಿಗೆ ಚಾಚಿದ ಕಲ್ಲಿನ ತಡೆಗೋಡೆ, ಕಟ್ಟಿದರು. ಪೂರ್ವ ಕರಾವಳಿಯಲ್ಲಿ ಮರಳು ಒಂದೇ ಕಡೆ ಕೂರುವುದಿಲ್ಲ. ನೈಋತ್ಯ ಮಾರುತದ ಅಲೆಗಳು ಅದನ್ನು ಉತ್ತರಕ್ಕೆ ತಳ್ಳುತ್ತವೆ, ಈಶಾನ್ಯ ಮಾರುತದ ತಿಂಗಳುಗಳಲ್ಲಿ ಸ್ವಲ್ಪ ದಕ್ಷಿಣಕ್ಕೆ ಬರುತ್ತದೆ, ವರ್ಷದ ಲೆಕ್ಕ ಹಾಕಿದರೆ ಉತ್ತರಕ್ಕೆ ಹೋಗುವುದೇ ಹೆಚ್ಚು. ಆ ದಾರಿಗೆ ಅಡ್ಡ ಕಲ್ಲಿಟ್ಟರೆ ಏನಾಗುತ್ತದೆ? ದಕ್ಷಿಣದಲ್ಲಿ ಮರಳು ರಾಶಿ ಬಿತ್ತು, ಉತ್ತರಕ್ಕೆ ಬರುವುದು ನಿಂತಿತು. ಆದರೆ ಅಲೆ ನಿಲ್ಲಲಿಲ್ಲ. ಇದ್ದದ್ದನ್ನೂ ಎಳೆದುಕೊಂಡು ಹೋಯಿತು. ತಡೆದ ಮರಳನ್ನು ಪಂಪ್ ಮಾಡಿ ಉತ್ತರಕ್ಕೆ ದಾಟಿಸುವ ಯೋಜನೆಯೇನೋ ಇತ್ತು, ಸರಿಯಾಗಿ ನಡೆಯಲಿಲ್ಲ. ಊರು ಉಳಿಸಲು ಬಂಡೆ ಸುರಿದರು.

ನನಗಿದು ಗೊತ್ತಿರುವ ಕಥೆ. ನಮ್ಮಲ್ಲಿ ನೇತ್ರಾವತಿ–ಗುರುಪುರ ಅಳಿವೆಬಾಗಿಲಿಗೆ ಬ್ರೇಕ್ ವಾಟರ್ ಬಂದ ಮೇಲೆ ಉಳ್ಳಾಲ, ಕೋಟೆಪುರದ ಕಡೆ ಕಡಲ್ಕೊರೆತ ಹೇಗೆ ಜೋರಾಯಿತು ಅಂತ ಅಲ್ಲಿಯ ಯಾವ ಮೊಗವೀರರನ್ನು ಕೇಳಿದರೂ ಹೇಳುತ್ತಾರೆ.

ಗಾಂಧಿಯನ್ನು ದಾಟಿ ಉತ್ತರಕ್ಕೆ, ಮುಖ್ಯ ಕಾರ್ಯದರ್ಶಿಗಳ ಕಚೇರಿ ಕಡೆ ನಡೆದೆವು. ಅಲ್ಲಿ ಮರಳು! ನಿಜವಾದ, ಕಾಲು ಹೂತುಹೋಗುವ ಮರಳು. ಮಗಳು ಚಪ್ಪಲಿ ಬಿಸಾಡಿ ಓಡಿದಳು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು, ಅಂದರೆ ಎನ್‌ಐಒಟಿ, 2018ರಲ್ಲಿ ಇಲ್ಲಿ ನೀರಿನಡಿ ಒಂದು ರೀಫ್ (ಅಲೆ ಮುರಿಯುವ ಕೃತಕ ದಿಬ್ಬ) ಕೂರಿಸಿದ್ದಾರೆ. ಬೆಣೆಯ ಆಕಾರದ ಉಕ್ಕಿನ ಪೆಟ್ಟಿಗೆ, ಸುಮಾರು 50 ಮೀಟರ್‌ಗೆ 60 ಮೀಟರ್, ತೂಕ 900 ಟನ್. ಜೊತೆಗೆ ಬಂದರಿನ ಬಾಯಿಯಲ್ಲಿ ಹೂಳೆತ್ತಿದ ಮರಳನ್ನು ಬೇರೆಡೆ ಎಸೆಯದೆ ಈ ದಡಕ್ಕೇ ತಂದು ಹಾಕಿದರು.

ನೋಡಲು ಏನೂ ಇಲ್ಲ ಅನ್ನುವುದೇ ಇದರ ವಿಶೇಷ. ಹೆಂಡತಿ "ಎಲ್ಲಿದೆ ನಿಮ್ಮ ರೀಫು?" ಅಂತ ಕೇಳಿದಾಗ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಸುಮ್ನೆ ಹತ್ತು ನಿಮಿಷ ಕೂತು ನೋಡಿದರೆ ಗೊತ್ತಾಗುತ್ತದೆ. ಒಂದು ಜಾಗದಲ್ಲಿ ಅಲೆ ದಡಕ್ಕೆ ಬರುವ ಮೊದಲೇ ಮುರಿಯುತ್ತದೆ. ಅಲ್ಲಿ ಅದರ ಸೊಕ್ಕು ಇಳಿಯುತ್ತದೆ, ಹಿಂದಿನ ನೀರು ತಣ್ಣಗಾಗುತ್ತದೆ, ಹೊತ್ತು ತಂದ ಮರಳನ್ನು ಅಲ್ಲೇ ಇಳಿಸುತ್ತದೆ. ಗೋಡೆ ಅಲೆಯನ್ನು ಎದುರು ಹಾಕಿಕೊಳ್ಳುತ್ತದೆ. ಇದು ಸುಸ್ತು ಮಾಡಿ ಕಳಿಸುತ್ತದೆ. ಉಳ್ಳಾಲದಲ್ಲೂ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಇಂಥ ಮುಳುಗು ರೀಫ್‌ಗಳನ್ನು ಹಾಕಿದ್ದಾರೆ, ಆದರೆ ಅಲ್ಲಿಯ ಮಳೆಗಾಲದ ಕಡಲೇ ಬೇರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇಷ್ಟಕ್ಕೇ ಎಲ್ಲ ಸರಿಹೋಯಿತು ಅಂತ ಅಂದುಕೊಂಡು ಮಲಗಿದ್ದರೆ ಪ್ರವಾಸ ಸುಖವಾಗಿ ಮುಗಿಯುತ್ತಿತ್ತು. ಮಾರನೇ ದಿನ ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡು ಉತ್ತರಕ್ಕೆ ಹೋದೆ. ಕೋಟ್ಟಕುಪ್ಪಂ, ತಂದಿರಾಯನ್‌ಕುಪ್ಪಂ, ಬೊಮ್ಮಯಾರ್‌ಪಾಳಯಂ. ಹೆಸರಿಗೆ ತಮಿಳುನಾಡು, ಕಡಲಿಗೆ ರಾಜ್ಯದ ಗಡಿ ಎಲ್ಲಿ ಗೊತ್ತು? ಪಾಂಡಿಚೇರಿಗೆ ಬಂಡೆ ಹಾಕಿದ ಮೇಲೆ ಮರಳಿನ ಹಸಿವು ಇಲ್ಲಿಗೆ ಜರುಗಿತು. ಇಲ್ಲೂ ಕಲ್ಲು ಹಾಕಿದರೆ ಇದರಾಚೆಯ ಊರಿಗೆ. ಕೆಲವು ಕಡೆ ದೋಣಿ ಎಳೆದಿಡಲೂ ಜಾಗವಿಲ್ಲ. ಒಂದು ಮನೆಯ ಹಿಂಬದಿ ಕಲ್ಲಿನ ಮೇಲೆ ಬಲೆ ಒಣಗಲು ಹಾಕಿದ್ದರು. ಅದನ್ನು ನೋಡಿ ನಮ್ಮ ಮನೆಯೇ ನೆನಪಾಯಿತು. ಫೋಟೊ ತೆಗೆಯಲು ಮನಸ್ಸಾಗಲಿಲ್ಲ.

ಮಧ್ಯಾಹ್ನ ದಕ್ಷಿಣಕ್ಕೆ ತಿರುಗಿದೆ, ವೀರಾಂಪಟ್ಟಿಣಂ ದಾಟಿ ನಲ್ಲವಾಡು ಕಡೆ. ಮರಳು ಹುಡುಕಿ ಬಂದವನ ಸ್ಕೂಟರ್ ಅಲ್ಲಿ ಮರಳಲ್ಲೇ ಹೂತಿತು. ಎತ್ತಿಕೊಟ್ಟ ಹಿರಿಯರೊಬ್ಬರು ದೋಣಿಯ ನೆರಳಲ್ಲಿ ಕೂರಿಸಿ ನೀರು ಕೊಟ್ಟರು. ನನ್ನ ಹರುಕು ತಮಿಳಿಗೆ ಅವರು ನಕ್ಕರೂ ಮಾತು ನಿಲ್ಲಿಸಲಿಲ್ಲ.

ಈ ಎರಡು ಊರುಗಳ ಕಥೆ ನಾನು ಮೊದಲೇ ಓದಿದ್ದೆ. 1990ರ ದಶಕದ ಕೊನೆಯಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಇಲ್ಲಿಯ ಹಳ್ಳಿಗಳಲ್ಲಿ ಮಾಹಿತಿ ಕೇಂದ್ರಗಳನ್ನು ಶುರು ಮಾಡಿತು. ವೀರಾಂಪಟ್ಟಿಣಂನಲ್ಲಿ ಅಮೆರಿಕದ ನೌಕಾಪಡೆಯ ವೆಬ್‌ಸೈಟಿನಿಂದ ಅಲೆಯ ಎತ್ತರದ ಮುನ್ಸೂಚನೆ ಇಳಿಸಿಕೊಂಡು, ತಮಿಳಿನಲ್ಲಿ ಬರೆದು, ಮೈಕ್‌ನಲ್ಲಿ ಕೂಗಿ ಹೇಳುತ್ತಿದ್ದರು. ಅಷ್ಟೇ ತಂತ್ರಜ್ಞಾನ. 2004ರ ಡಿಸೆಂಬರ್ 26ರಂದು ನಲ್ಲವಾಡಿಗೆ ಸಿಂಗಪುರದಿಂದ ಒಂದು ಫೋನ್ ಬಂತು. ಆ ಕೇಂದ್ರದಲ್ಲಿ ಮೊದಲು ಕೆಲಸ ಮಾಡಿದ್ದ ಊರಿನದೇ ಹುಡುಗ, ಟಿವಿಯಲ್ಲಿ ಸುನಾಮಿಯ ಸುದ್ದಿ ನೋಡಿ ಮನೆಗೆ ಫೋನ್ ಮಾಡಿದ್ದ. ಜನ ಕೇಂದ್ರದ ಬಾಗಿಲು ಒಡೆದು ಮೈಕ್ ಹಿಡಿದರು. 3,600ಕ್ಕೂ ಹೆಚ್ಚು ಜನ ಉಳಿದುಕೊಂಡರು. ಮನೆ, ದೋಣಿ ಹೋದವು.

ಭಾರತಕ್ಕೆ ಆಗ ತನ್ನದೇ ಸುನಾಮಿ ಎಚ್ಚರಿಕೆ ವ್ಯವಸ್ಥೆ ಇರಲಿಲ್ಲ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನಲ್ಲಿ ಅದು ಶುರುವಾದದ್ದು 2007ರ ಅಕ್ಟೋಬರ್‌ನಲ್ಲಿ. ಈಗ ಅಲೆ, ಗಾಳಿ, ಕಡಲ ನೀರಿನ ಹರಿವು ಎಲ್ಲದರ ಮುನ್ಸೂಚನೆ ಮೊಬೈಲಿಗೇ ಬರುತ್ತದೆ. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆ, ಇಲ್ಲಿ ಗಾಳಿಯೇ ಇಲ್ಲದಿದ್ದರೂ ದಡಕ್ಕೆ ನುಗ್ಗುತ್ತದಲ್ಲ, ಕೇರಳದವರು ಕಳ್ಳಕ್ಕಡಲ್ ಅನ್ನುವುದು, ಅದಕ್ಕೂ 2020ರಿಂದ ಮುನ್ಸೂಚನೆ ಇದೆ.

"ಅಣ್ಣಾ, ಈಗ ಸುಲಭ ಅಲ್ವಾ, ಎಲ್ಲ ಫೋನಲ್ಲೇ ಬರುತ್ತೆ?" ಅಂತ ಕೇಳಿದೆ.

ಅವರು ಸ್ವಲ್ಪ ಯೋಚಿಸಿದರು. "ಬರುತ್ತೆ ತಂಬಿ. ನನ್ನ ಫೋನು ಮೊಮ್ಮಗನ ಕೈಲಿರುತ್ತೆ. ಮೈಕಾದರೆ ಮಲಗಿದವರಿಗೂ ಕೇಳುತ್ತೆ."

ಸಂಜೆ ಮತ್ತೆ ಆ ಮರಳಿಗೆ ಬಂದೆವು. ಮಗಳು ಕೋಟೆ ಕಟ್ಟುತ್ತಿದ್ದಳು. ನಾನು ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ದಡ ತೋರಿಸಿದೆ, ರೀಫ್ ಬಗ್ಗೆ ಒಂದು ಸಣ್ಣ ಭಾಷಣವನ್ನೂ ಕೊಟ್ಟೆ. ಅಮ್ಮ ಪೂರ್ತಿ ಕೇಳಿದರು.

"ಮರಳು ನೋಡಲಿಕ್ಕೆ ಅಷ್ಟು ದೂರ ಹೋದೆಯಾ? ನಮ್ಮ ಹಿತ್ತಲಲ್ಲೇ ಇತ್ತಲ್ಲ ಮಗಾ."