ಎಐಗೆ ಎಷ್ಟು ಬಾಗಿಲು ತೆಗೀಬೇಕು?

ಕಲಬುರಗಿ ಗಂಜಿನ ತೊಗರಿಬ್ಯಾಳಿ ವ್ಯಾಪಾರಿಯೊಬ್ಬರ ಸೇಲ್ಸ್‌ಫೋರ್ಸ್‌ನಾಗ (ಗಿರಾಕಿ, ವ್ಯಾಪಾರದ ಮಾಹಿತಿ ಇಡೋ ಸಾಫ್ಟ್‌ವೇರ್) ಇವತ್ತು ಎಐ ಸಹಾಯಕನಿಗೆ ಪರ್ಮಿಷನ್ ಹಚ್ಚೋ ಕೆಲಸ. "ಎಲ್ಲಾ ಓಪನ್ ಮಾಡಿಬಿಡ್ರಿ, ಏನಾಗ್ತದ?" ಅಂದ್ರು ಸಾಹುಕಾರ್ರು.

ಬಳಕೆದಾರನಿಗೆ ಪ್ರೊಫೈಲ್, ಅಂದ್ರ ಮೂಲ ಹಕ್ಕಿನ ಪಟ್ಟಿ, ಒಂದೇ. ಪರ್ಮಿಷನ್ ಸೆಟ್, ಅಂದ್ರ ಮ್ಯಾಲಿನ ಹಕ್ಕಿನ ಗಂಟು, ಮಾತ್ರ ಹಲವು ಕೊಡಬಹುದು. ಸೆಟ್ ಹಕ್ಕು ಕೂಡಸ್ತದ, ಕಳೆಯಂಗಿಲ್ಲ. ಸೇಲ್ಸ್ ಹುಡುಗನಿಗೆ ಖರೀದಿ ದರ ಕಾಣ್ತಿದ್ರ, ಅವನ ಹೆಸರಿನ್ಯಾಗ ಓಡೋ ಸಹಾಯಕನಿಗೂ ಕಾಣ್ತದ. ಮೊದಲು ಆ ಕಾಲಂ ತನಕ ಯಾರು ಸ್ಕ್ರೋಲ್ ಮಾಡ್ತಿದ್ರು? ಈಗ ಕೇಳಿದ್ರ ಸಾಕು, ಪಟ್ಟಂತ ಹೇಳ್ತದ. ಇಷ್ಟು ದಿನ ನಮ್ಮ ಗುಟ್ಟು ಕಾಯ್ದದ್ದು ಮಂದಿಯ ಆಲಸ್ಯವೇ ಏನೋ (ನಂದೂ ಸೇರಿ)!

ಪ್ರೊಫೈಲಿನ ಫೀಲ್ಡ್ ಪಟ್ಟಿ ತೆರೆದು 'ಖರೀದಿ ದರ'ದ ಮುಂದಿನ ರೀಡ್ ಟಿಕ್ ತೆಗೆದೆ. "ಮುನೀಮರಿಗೆ ಇರ್ಲಿ ಮತ್ತ" ಅಂದ್ರು ಸಾಹುಕಾರ್ರು. ಮುನೀಮರಿಗೆ ಬ್ಯಾರೆ ಪರ್ಮಿಷನ್ ಸೆಟ್.