ಮೂರು ಲೋಟ, ಒಂದು ಹುಣಸೆ ಬೀಜ

ನಿನ್ನೆ ರಾತ್ರಿ ಊಟವಾದ ಮೇಲೆ ಮೂರು ಸ್ಟೀಲ್ ಲೋಟಗಳನ್ನು ಬೋರಲು ಹಾಕಿ, ಒಂದರಡಿ ಹುಣಸೆ ಬೀಜ ಬಚ್ಚಿಟ್ಟೆ. ತಮ್ಮ ಒಂದು ಲೋಟ ಮುಟ್ಟಬೇಕು. ಉಳಿದೆರಡರಲ್ಲಿ ಖಾಲಿ ಇರುವುದೊಂದನ್ನು ನಾನು ಎತ್ತಿ ತೋರಿಸುತ್ತೇನೆ. ಈಗ ಅವನು ಲೋಟ ಬದಲಿಸಬೇಕೇ, ಬೇಡವೇ?

“ಉಳಿದದ್ದು ಎರಡೇ ಅಲ್ಲವೇ ಅಕ್ಕಾ, ಯಾವುದಾದರೇನು?” ಎಂದ. ಸರಿ, ಪ್ರತಿ ಸಲವೂ ಬದಲಿಸು ಎಂದೆ. 30 ಆಟಗಳಲ್ಲಿ 19 ಸಲ ಬೀಜ ಸಿಕ್ಕಿತು. ಆದರೂ ಒಪ್ಪಲಿಲ್ಲ.

ಅವನನ್ನು ದೂರಲಾರೆ. 1990ರಲ್ಲಿ ಅಮೆರಿಕದ ‘ಪರೇಡ್’ ಪತ್ರಿಕೆಯ ಅಂಕಣದಲ್ಲಿ ಮರಿಲಿನ್ ವೋಸ್ ಸವಾಂಟ್ ಇದೇ ‘ಮಾಂಟಿ ಹಾಲ್’ ಒಗಟಿಗೆ ‘ಬದಲಿಸಿ’ ಎಂದು ಉತ್ತರಿಸಿದಾಗ ಸುಮಾರು 10,000 ಪತ್ರಗಳು ಬಂದವು. ಹೆಚ್ಚಿನವರು ಆಕೆಯದೇ ತಪ್ಪು ಎಂದರು, ಗಣಿತದ ಪ್ರಾಧ್ಯಾಪಕರೂ ಸೇರಿ. ಪಾಲ್ ಎರ್ಡಿಶ್ ಅವರಂಥ ಮಹಾ ಗಣಿತಜ್ಞರೇ ಕಂಪ್ಯೂಟರಿನಲ್ಲಿ ಆಡಿಸಿದ್ದನ್ನು ನೋಡುವವರೆಗೆ ಒಪ್ಪಿರಲಿಲ್ಲ. ಆಕೆ ಹೇಳಿದ್ದೇ ಸರಿ: ಮೊದಲ ಆಯ್ಕೆ ತಪ್ಪಾಗುವುದು ಮೂರರಲ್ಲಿ ಎರಡು ಸಲ, ಆ ಎರಡೂ ಸಲ ಬದಲಿಸಿದವನೇ ಗೆಲ್ಲುತ್ತಾನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಬೀಜ ಎಲ್ಲಿದೆಯೆಂದು ನನಗೆ ಗೊತ್ತಿತ್ತು, ಬೇಕೆಂದೇ ಖಾಲಿ ಲೋಟ ಎತ್ತಿದೆ. ಗೊತ್ತಿಲ್ಲದೆ ಎತ್ತಿ, ಅದು ಆಕಸ್ಮಿಕವಾಗಿ ಖಾಲಿಯಾಗಿದ್ದರೆ ತಮ್ಮನ ಲೆಕ್ಕವೇ ಸರಿ, ಅರ್ಧಕ್ಕರ್ಧ! ಕಣ್ಣಿಗೆ ಕಾಣುವುದು ಎರಡೂ ಸಲ ಅದೇ ಖಾಲಿ ಲೋಟ. ವಾದಿಸುವವರು ಎಷ್ಟೋ ಸಲ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರುತ್ತಾರೆ ಎಂದು ಆಗ ಹೊಳೆಯಿತು.

ಇವತ್ತು ಬೀಜ ಬಚ್ಚಿಡುವುದು ಅಮ್ಮ. ನಾನೂ ನೋಡದೆ ಎತ್ತುತ್ತೇನೆ. ಬೀಜವೇ ಹೊರಬಿದ್ದ ಆಟಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.